ಐದನೇ ಬಾಗಿಲ ತೇವರಪ್ಪ

ಮಂಗಳವಾರ ಬೆಳಿಗ್ಗೆ ನಂದಾ ಎಲ್ಲಮ್ಮನ ಬುಟ್ಟಿ ತಲೆಯ ಮೇಲೆ ಹೊತ್ತು, ಬರಿಗಾಲಲ್ಲಿ ಬಂದು, ಚಾಳಿನ ಐದನೇ ಬಾಗಿಲ ಮುಂದೆ ನಿಂತು “ಉಧೋ ಉಧೋ” ಎಂದು ಕೂಗಿದಾಗ, ಹಸಿರು ಪರದೆ ಸರಿಸಿಕೊಂಡು ಹೊರಗೆ ಬಂದದ್ದು ಮುರ್ತುಜಾಸಾಬನ ಹೆಂಡತಿಯಲ್ಲ. ಬಾಗಿಲ ಚೌಕಟ್ಟಿಗೆ ಹಣೆ ತಾಗುವಷ್ಟು ಎತ್ತರದ ಬಿಳಿಯ ಮನುಷ್ಯ. ಬಾಯಲ್ಲಿ ಬ್ರಷ್ಷು, ಗಡ್ಡದ ಮೇಲೆ ಪೇಸ್ಟಿನ ನೊರೆ.

ಅಯ್ಯ, ಇವನೊಬ್ಬ ಇದ್ದಾನಲ್ಲ ಎಂದು ನಂದಾಳಿಗೆ ನೆನಪಾದದ್ದು ಆಗ.

ಮುರ್ತುಜಾಸಾಬ ವಾಸ್ಕೋದಲ್ಲಿ ದೊಡ್ಡ ಖೋಲಿ ಸಿಕ್ಕಿತೆಂದು ಬಿಟ್ಟುಹೋಗಿದ್ದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಅವರ ಕಪಾಟನ್ನು ಟೆಂಪೋಗೆ ಏರಿಸುವಾಗ ಒಂದು ಬದಿ ಹಿಡಿದವಳೇ ಅವಳು. ಆದರೆ ಎಲ್ಲಮ್ಮನ ಹೆಸರಲ್ಲಿ ಐದು ಮನೆ ಬೇಡುವ ಜೋಗಕ್ಕೆ ಹೊರಟವರು ನೆಲ ನೋಡಿಯೇ ನಡೆಯಬೇಕು. ವರ್ಷ ವರ್ಷವೂ ಮೊದಲು ಬೀಚಿನಲ್ಲಿ ಕಸೂತಿ ಚೀಲ ಮಾರುವ ಹೇಮಿಬಾಯಿಯ ಮನೆ, ಆಮೇಲೆ ದ್ರಾಕ್ಷಾಯಿಣಿಯದು, ದಾವಲಮಲಿಕನದು, ಚಾಳಿನ ಒಡತಿ ಪಿಯೆದಾದ್ ಬಾಯಿಯದು, ಕೊನೆಗೆ ಮುರ್ತುಜಾಸಾಬನದು. ರೂಢಿಯಾದ ಕಾಲು ತಾನಾಗಿ ಹೋಗಿ ಅಲ್ಲಿ ನಿಂತಿತ್ತು. ಪಿಯೆದಾದ್ ಬಾಯಿ ಎಂದಿನಂತೆ ಕೊರಳ ಶಿಲುಬೆಯನ್ನೊಮ್ಮೆ ಮುಟ್ಟಿಕೊಂಡು ಕೆಂಪು ಕುಸುಬಲಕ್ಕಿಯ ಹಿಡಿ ಹಾಕಿ, “ಮಗಳ ಹೆರಿಗೆ ಸುಸೂತ್ರ ಆಗ್ಲಿ ಗೋ” ಎಂದು ಕಳಿಸಿದ್ದಳು. ನಾಲ್ಕು ಹಿಡಿ ಬಿದ್ದಿತ್ತು. ಉಳಿದದ್ದು ಒಂದು.

“ನಮಸ್ಕಾರ,” ಎಂದ ಬಿಳಿಯ ಮನುಷ್ಯ, ಬ್ರಷ್ಷು ಬಾಯಿಂದ ತೆಗೆದು. “ದಯವಿಟ್ಟು ಒಳಗೆ ಬನ್ನಿರಿ. ನೀವು ಹಸಿದಿರುವಿರಾ?”

ಮೈಸೂರಿನಲ್ಲಿ ಯಾವುದೋ ಮೇಷ್ಟರ ಮುಂದೆ ಎರಡು ವರ್ಷ ಕೂತು ಕಲಿತ ಕನ್ನಡವಂತೆ. ಒಂದೊಂದು ಶಬ್ದವನ್ನೂ ತೊಳೆದು, ಒರೆಸಿ, ಬೋರಲು ಹಾಕಿದ ಲೋಟದ ಹಾಗೆ ಸಾಲಾಗಿ ಜೋಡಿಸುತ್ತಿದ್ದ. ಹೆಸರು ಟ್ರೆವರ್. ಚಾಳಿನವರ ಬಾಯಲ್ಲಿ ಬಂದ ಮೂರನೇ ದಿನಕ್ಕೇ ತೇವರಪ್ಪ ಆಗಿದ್ದ. ‘ಹೊಸ ಅಂಗಳ’ ಎಂಬ ಸಂಸ್ಥೆಯೊಂದು ಅವನನ್ನು ಗೋವಾದಲ್ಲಿ ದುಡಿಯುವ ಕನ್ನಡದ ಬಡವರ ಸೇವೆಗೆಂದು ಕಳಿಸಿತ್ತು. ಆ ಬಡವರು ಕಳಿಸಿರೆಂದು ಯಾರಿಗೂ ಹೇಳಿರಲಿಲ್ಲ.

“ಹಸಿವಿಲ್ಲರೀ,” ಎಂದಳು ನಂದಾ. “ಜೋಗ ಇದು. ಒಂದ್ ಹಿಡಿ ಹಾಕ್ರಿ ಬುಟ್ಟ್ಯಾಗ.”

“ಏನನ್ನು ಹಾಕಲಿ?”

“ಜೋಳ, ಅಕ್ಕಿ, ಗೋದಿ. ಮನ್ಯಾಗ ಏನೈತಿ ಅದು.”

ತೇವರಪ್ಪ ಬುಟ್ಟಿಯೊಳಗೆ ಇಣುಕಿದ. ಬೇವಿನ ಎಲೆ, ಅರಿಶಿನದ ಭಂಡಾರ, ನಡುವೆ ಹಿತ್ತಾಳೆಯಲ್ಲಿ ಮಾಡಿದ ಎಲ್ಲಮ್ಮನ ಅಂಗೈಯಗಲದ ಮುಖ. ಅವನ ಕಣ್ಣು ಸಣ್ಣಗಾದವು. ಡಾಕ್ಟರು ಯಾರದಾದರೂ ಕಾಲಿನ ಬಾವು ಒತ್ತಿ ನೋಡುವಾಗ ಮುಖ ಮಾಡುತ್ತಾರಲ್ಲ, ಹಾಗೆ.

“ಸಹೋದರಿ,” ಎಂದ ಮೆತ್ತಗೆ, “ನೀವು ಭಿಕ್ಷೆ ಬೇಡಬಾರದು. ನಿಮಗೆ ಘನತೆ ಇದೆ.”

ನಂದಾಳಿಗೆ ನಗುವೂ ಬಂತು, ಮೈಯೂ ಉರಿಯಿತು. ಹಡಗು ಕಟ್ಟುವ ಕಾರ್ಖಾನೆಯ ಕ್ಯಾಂಟೀನಿನಲ್ಲಿ ದಿನಾ ಚಪಾತಿ ಲಟ್ಟಿಸಿ ಲಟ್ಟಿಸಿ ಹೆಗಲು ಕೀಲು ಬಿಟ್ಟವಳಿಗೆ, ಒಂದು ದಿನದ ರಜೆಗೆ ಸುಪರ್‌ವೈಸರನ ಹಿಂದೆ ತಿಂಗಳುಗಟ್ಟಲೆ ಅಲೆದವಳಿಗೆ, ಈ ಪೇಸ್ಟಿನ ಬಾಯಿಯವನು ಘನತೆ ಹಂಚಲು ಬಂದಿದ್ದಾನೆ. ಮನೆಯಲ್ಲಿ ಡಬ್ಬಿ ತುಂಬ ಜೋಳವಿದೆ. ಇದ್ದರೂ ಬೇಡಬೇಕು. ಕೊರಳ ತುಂಬ ಬಂಗಾರ ಹಾಕಿಕೊಂಡವಳೂ ಹರಕೆ ಹೊತ್ತರೆ ಐದು ಬಾಗಿಲಿಗೆ ಹೋಗಿ ಬೇಡಲೇಬೇಕು. ಅದನ್ನೆಲ್ಲ ಇವನಿಗೆ ತಿಳಿಸಿ ಹೇಳುತ್ತ ನಿಂತರೆ ಹೊತ್ತು ಏರುತ್ತದೆ.

“ಘನತೆ ಇರಲಿ ಬಿಡ್ರಿ, ಹಿಡಿ ಹಾಕ್ರಿ.”

“ನಾನು ಇದರ ಕುರಿತು ಪ್ರಾರ್ಥಿಸುವೆನು,” ಎಂದ ತೇವರಪ್ಪ. ಪರದೆ ಬಿತ್ತು.

ಮನೆಗೆ ಬಂದರೆ ಅತ್ತೆ ಹನುಮವ್ವ ಮಂಚದ ಮೇಲಿಂದಲೇ ಬುಟ್ಟಿಯೊಳಗೆ ಕೈಯಾಡಿಸಿ ಹಿಡಿ ಎಣಿಸಿದಳು. ಸೊಂಟ ಬಿದ್ದು ಎರಡು ವರ್ಷವಾಗಿದ್ದರೂ ಕಾನೂನು ಮಾತ್ರ ಇನ್ನೂ ಎದ್ದು ಓಡಾಡುತ್ತಿತ್ತು.

“ಐದನೇದು ಎಲ್ಲಿ?”

“ಹೇಮಿಬಾಯಿ ತಂಗಿ ಮನಿಗೆ ಹೋಗಿ ಇಸ್ಕೊಂಬರ್ತೇನ್ರಿ ಅತ್ತಿ. ಆ ತೇವರಪ್ಪ ಕೊಡಲಿಲ್ಲ.”

“ಕೂಗಿದಿಯೇನ ಆ ಬಾಗಲದಾಗ?”

“ಕೂಗಿದೆ.”

“ಹಂಗಾರ ಮುಗೀತು. ಕೂಗಿದ ಬಾಗಲ ಬಿಟ್ಟು ಬ್ಯಾರೆ ಬಾಗಲಕ್ಕ ಹ್ವಾದ್ರ ಜೋಗ ಮುರದಂಗ. ಆ ಮನಿ ಹಿಡೀನ ಬೀಳಬೇಕು.”

ಈ ಕಾನೂನು ಹನುಮವ್ವನಿಗೆ ಯಾರು ಕೊಟ್ಟರೋ. ಸವದತ್ತಿ ಗುಡ್ಡದಲ್ಲಿ ಕೇಳಿದರೂ ಯಾರೂ ಹೂಂ ಅನ್ನಲಿಕ್ಕಿಲ್ಲ. ಬೇರೆ ವರ್ಷವಾಗಿದ್ದರೆ ನಂದಾ “ಹೌದ್ರಿ” ಎಂದು ತಲೆಯಾಡಿಸಿ, ಹಿತ್ತಿಲ ಕಡೆಯಿಂದ ಹೋಗಿ, ಯಾರ ಮನೆಯ ಜೋಳವನ್ನಾದರೂ ತಂದು ಬುಟ್ಟಿಗೆ ಸುರಿದು ಮುಗಿಸುತ್ತಿದ್ದಳು. ಈ ವರ್ಷ ಹಾಗಿರಲಿಲ್ಲ. ಒಳಗೆ ಗೋಡೆಗೆ ಒರಗಿ, ತುಂಬಿದ ಹೊಟ್ಟೆಯ ಮೇಲೆ ತಾಟು ಇಟ್ಟುಕೊಂಡು ಮಂಡಕ್ಕಿ ತಿನ್ನುತ್ತಿದ್ದ ಮಗಳು ರೇಣು ಇದ್ದಳು. ಹೋದ ವರ್ಷ ಏಳು ತಿಂಗಳಲ್ಲಿ ಕೂಸು ಹೊಟ್ಟೆಯಲ್ಲೇ ತಣ್ಣಗಾಗಿತ್ತು. ಅಳಿಯ ಗುರುಲಿಂಗ ಸಾಂಗೆಯಲ್ಲಿ ಟಿಪ್ಪರ್ ಓಡಿಸುವವನು. ಈ ಸಲ ಐದನೇ ತಿಂಗಳಿಗೇ ತಂದು ಬಿಟ್ಟು, “ಅತ್ತಿ, ನಿಮ್ಮ ಕಡೆ ಇದ್ರ ನನಗ ಧೈರ್ಯ” ಎಂದು ಕಣ್ಣು ಒರೆಸಿಕೊಂಡು ಹೋಗಿದ್ದ. ಅಂದೇ ನಂದಾ ಹರಕೆ ಹೊತ್ತದ್ದು: ಹೆರಿಗೆಗೆ ಮೊದಲು ಐದು ಮನೆಯ ಜೋಗ ತಂದು, ಬೇಯಿಸಿ, ಮಗಳಿಗೆ ಉಣಿಸುತ್ತೇನೆ. ರಜೆ ಸಿಗದೆ ಇಂದು ನಾಳೆ ಎನ್ನುತ್ತ ಒಂಬತ್ತು ತುಂಬುತ್ತ ಬಂದಿತ್ತು. ಅತ್ತೆಯ ಕಾನೂನಿನಲ್ಲಿ ನಂಬಿಕೆ ಇತ್ತೆಂದಲ್ಲ. ಮೀರಿ, ಮುಂದೇನಾದರೂ ಆದರೆ ಜನ್ಮವಿಡೀ ಆ ಮುದುಕಿಯ ಮುಖ ನೋಡುವುದು ಹೇಗೆ? ತನ್ನ ಮುಖವನ್ನಾದರೂ?

ಬುಧವಾರ ತೇವರಪ್ಪನ ಪ್ರಾರ್ಥನೆಗೆ ಉತ್ತರ ಬಂತು. ಅದು ಟೆಂಪೋದಲ್ಲಿ ಬಂತು. ನಂದಾ ಕ್ಯಾಂಟೀನಿನಿಂದ ಬೆವರಿ ಬಂದು ನೋಡಿದರೆ ಬಾಗಿಲಿಗೆ ಅಡ್ಡಲಾಗಿ ಅಕ್ಕಿಯ ಮೂಟೆ, ಮೂಟೆಯ ಮೇಲೆ ‘ಹೊಸ ಅಂಗಳ’ದ ಉದಯಿಸುವ ಸೂರ್ಯ, ಪಕ್ಕದಲ್ಲಿ ಎರಡು ಕಂಬಳಿ, ಅದೂ ಈ ಕುದಿಯುವ ಸೆಕೆಯಲ್ಲಿ, ಅವುಗಳ ಪಕ್ಕ ತೇವರಪ್ಪ, ಮುಖ ಅರಳಿಸಿಕೊಂಡು.

“ಇದು ನಿಮ್ಮ ಕುಟುಂಬಕ್ಕೆ. ಇನ್ನು ಮುಂದೆ ನೀವು ಮನೆಯಿಂದ ಮನೆಗೆ ಹೋಗುವ ಅವಶ್ಯಕತೆ ಇರುವುದಿಲ್ಲ.”

“ಇಷ್ಟೆಲ್ಲ ಯಾಕ್ರಿ? ಇದರಾಗಿಂದ ಒಂದ್ ಹಿಡಿ ತಗದು ಬುಟ್ಟಿಗೆ ಹಾಕ್ರಿ, ಉಳದದ್ದು ಒಯ್ರಿ.”

“ಸಂಪೂರ್ಣ ಮೂಟೆ ನಿಮ್ಮದೇ.”

“ಮೂಟಿ ಬ್ಯಾಡ್ರೀ ಯಪ್ಪಾ! ಹಿಡಿ!”

ತೇವರಪ್ಪ ಅದೇ ನಗುವಿನಲ್ಲಿ ತಲೆಯಾಡಿಸಿದ. ನಾಚಿಕೆಯಿಂದ ಬೇಡ ಅನ್ನುತ್ತಿದ್ದಾಳೆ ಎಂದುಕೊಂಡನೇನೋ. ಹೋಗುವಾಗ ಮೂಟೆಯ ಪಕ್ಕದಲ್ಲಿ ಅವಳನ್ನು ನಿಲ್ಲಿಸಿ ಒಂದು ಫೋಟೋ ತೆಗೆದ. ಬೇಡ ಎನ್ನುತ್ತ ಅವಳು ಎತ್ತಿದ ಕೈ ಫೋಟೋದಲ್ಲಿ ಆಶೀರ್ವಾದ ಮಾಡುವಂತೆ ಕಂಡಿತೆಂದು ಆಮೇಲೆ ರೇಣು ಬಿದ್ದು ಬಿದ್ದು ನಕ್ಕಳು. ಮೂಟೆಯನ್ನು ಚಾಳಿನವರು ಕತ್ತಲಾಗುವುದರೊಳಗೆ ಹಂಚಿಕೊಂಡರು. ನಂದಾ ಅದರ ಒಂದು ಕಾಳನ್ನೂ ಮುಟ್ಟಲಿಲ್ಲ. ಕಂಬಳಿ ಹೇಮಿಬಾಯಿಯ ಎಮ್ಮೆಬಣ್ಣದ ನಾಯಿಗೆ ಹಾಸಿಗೆಯಾಯಿತು.

“ಅಂವ ಭಾಳ ಚಲೋ ಹುಡುಗ,” ಎಂದ ಗಂಡ ಬಾಲಪ್ಪ ಊಟಕ್ಕೆ ಕೂತಾಗ. ಬಂದರಿನಲ್ಲಿ ಕಲ್ಲಿದ್ದಲು ಹೊತ್ತು ಬರುವ ಅವನಿಗೆ ಯಾರು ಎರಡು ಮಾತು ಕೇಳಿಸಿಕೊಂಡರೂ ಚಲೋ ಹುಡುಗನೇ. “ನನ್ನ ಬೆನ್ನ ನೋವಿನ ವಿಚಾರ ಎಲ್ಲಾ ಕೇಳಿದ. ನೀ ಕೇಳೀಯೇನ ಒಂದ್ ದಿನಾ?”

“ನಾ ಕೇಳಿದ್ರ ನೀವು ಹೇಳೂದು ನಿಲ್ಲಸ್ತೀರೇನ?”

ಗುರುವಾರ ತೇವರಪ್ಪ ಗಟಾರಕ್ಕೆ ಇಳಿದ.

ಚಾಳಿನ ಹಿಂದಿನ ಗಟಾರ ತುಂಬಿ ನಿಂತಿದ್ದು ನಿಜ. ಪಂಚಾಯತಿಯವರು ಬರುತ್ತೇವೆ ಅಂದಿದ್ದೂ ನಿಜ. ಇವನು ಮೊಣಕಾಲಿನ ತನಕ ರಬ್ಬರ್ ಬೂಟು, ಮೊಣಕೈ ತನಕ ಗುಲಾಬಿ ಬಣ್ಣದ ಗ್ಲೌಸು ಹಾಕಿಕೊಂಡು, ಗೋಡೆಯ ಮೇಲೆ ಫೋನು ನಿಲ್ಲಿಸಿ, ತಾನು ಬಳಿಯುವುದು ಅದಕ್ಕೆ ಚೆನ್ನಾಗಿ ಕಾಣುತ್ತದೆಯೇ ಎಂದು ಎರಡು ಸಲ ಹೋಗಿ ನೋಡಿ ಬಂದ. ಆಮೇಲೆ ಬಳಿದ. ಬಳಿದದ್ದನ್ನೆಲ್ಲ ಒಯ್ದು ನೀರು ಹೊರಹೋಗುವ ಮೋರಿಯ ಬಾಯಿಗೇ ಗುಡ್ಡೆ ಹಾಕಿದ. ಸಂಜೆಗೆ ಚಾಳಿನ ಮುಂಭಾಗಕ್ಕೂ ಗಟಾರ ಬಂತು. ಪಿಯೆದಾದ್ ಬಾಯಿ ನೈಟಿ ಎತ್ತಿ ಹಿಡಿದು, ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಬಂದಳು.

“ಪಳೆ ಗೋ ನಂದಾ, ನೋಡಿಲ್ಲಿ! ನಮ್ಮ ಅಜ್ಜನ ಅಜ್ಜ ಇದೇ ಊರ ಇಗರ್ಜಿಯಲ್ಲಿ ಬ್ಯಾಪ್ಟಿಸಂ ತಗೊಂಡವನು. ಇವನು ಬಂದ ದಿನಾನೇ ನನಗೆ ಕೇಳ್ತಾನೆ, ಬಾಯಿ ನಿಮಗೆ ಯೇಸು ಗೊತ್ತಾ ಅಂತ. ನಾನು ಹೇಳಿದೆ, ಪುತಾ, ಯೇಸು ಗೊತ್ತು, ನೀನು ಯಾರು ಅಂತ ಗೊತ್ತಿಲ್ಲ, ಅಡ್ವಾನ್ಸ್ ಕೊಡು.”

“ಖೋಲಿ ಖಾಲಿ ಮಾಡಸ್ರಿ ಬಾಯಿ.”

“ಹೇಗೆ ಮಾಡಸ್ಲಿ ಗೋ? ಭಾಡೆ ಟೈಮಿಗೆ ಕೊಡುವವನು ಚಾಳಿನಲ್ಲಿ ಅವನೊಬ್ಬನೇ.”

ಗಟಾರಕ್ಕೆ ಕೈ ಹಾಕುವವನು, ಅವರಿವರ ಕೂಸುಗಳ ಮೂಗು ಒರೆಸುವವನು, ಹೇಮಿಬಾಯಿಯ ನಾಯಿಯ ಹುಣ್ಣಿಗೂ ಮುಲಾಮು ಹಚ್ಚುವವನು ಒಂದು ಹಿಡಿ ಕಾಳು ಎತ್ತಿ ಹಾಕಲಾರನಲ್ಲ ಎಂದು ನಂದಾ ರಾತ್ರಿಯ ಪಾತ್ರೆ ತಿಕ್ಕುತ್ತ ಕುದಿದಳು. ಕೆಟ್ಟವನಾಗಿದ್ದರೆ ಬೈದು ಮುಗಿಸಬಹುದಿತ್ತು. ಇಂಥ ಒಳ್ಳೆಯವರನ್ನು ಏನು ಮಾಡುವುದು? ಕೇಳಿದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಕೊಡುತ್ತಾರೆ. ಕೊಟ್ಟಾದ ಮೇಲೆ, ಹಗುರಾಯಿತೇ ಎಂದು ನಮ್ಮ ಮುಖ ನೋಡುತ್ತ ನಿಲ್ಲುತ್ತಾರೆ.

ಶುಕ್ರವಾರ ದೇವಿಯ ವಾರ. ನಂದಾ ಸುಪರ್‌ವೈಸರನಿಗೆ ಹೊಟ್ಟೆನೋವೆಂದು ಸುಳ್ಳು ಹೇಳಿ ಅರ್ಧ ದಿನಕ್ಕೇ ಬಂದು, ತಲೆಗೆ ನೀರು ಹಾಕಿಕೊಂಡು, ಮತ್ತೆ ಬುಟ್ಟಿ ಹೊತ್ತು ಹಸಿರು ಪರದೆಯ ಮುಂದೆ ನಿಂತಳು. ಈ ಸಲ ಎಲ್ಲವನ್ನೂ ಬಿಡಿಸಿ ಹೇಳಿದಳು. ಹೋದ ವರ್ಷದ ಕೂಸಿನ ವಿಷಯವನ್ನೂ ಹೇಳಿದಳು. ಅದನ್ನು ಅವಳು ತವರಿನವರಿಗೂ ಬಾಯಿ ಬಿಟ್ಟು ಹೇಳಿರಲಿಲ್ಲ. ತೇವರಪ್ಪನ ಕಣ್ಣಲ್ಲಿ ನೀರು ಬಂತು. ನೀರೇನೋ ಧಾರಾಳವಾಗಿಯೇ ಬಂತು.

“ಸಹೋದರಿ, ನಾನು ನಿಮಗೆ ಕೊಡುವೆನು. ಆದರೆ ಬುಟ್ಟಿಗೆ ಕೊಡಲಾರೆ.”

“ನನಗ ಬ್ಯಾಡ್ರಿ. ಬುಟ್ಟಿಗೆ ಕೊಡ್ರಿ.”

“ಬುಟ್ಟಿಯಲ್ಲಿ ವಿಗ್ರಹವಿದೆ. ಅದಕ್ಕೆ ಅರ್ಪಿಸುವುದು ನನಗೆ ನಿಷಿದ್ಧ.”

“ಅರ್ಪಸಬ್ಯಾಡ್ರಿ. ಹಾಕ್ರಿ.”

ತೇವರಪ್ಪ ಗಡ್ಡ ಕೆರೆದುಕೊಂಡು ಬಹಳ ಯೋಚಿಸಿದ. “ನಿಮ್ಮ ಕೈಗೆ ಹಾಕುವೆನು. ಅನಂತರ ನೀವು ಅದನ್ನು ಎಲ್ಲಿ ಬೇಕಾದರೂ ಇಟ್ಟುಕೊಳ್ಳಿರಿ. ಅದು ನನ್ನ ಲೆಕ್ಕಕ್ಕೆ ಬರುವುದಿಲ್ಲ.”

ನಂದಾಳಿಗೆ ಇದು ನಡೆಯುವ ಮಾತೆನಿಸಿತು. ಅವನನ್ನು ಅಲ್ಲೇ ನಿಲ್ಲಲು ಹೇಳಿ ಮನೆಗೆ ಬಂದು ಕೇಳಿದಳು. ಹನುಮವ್ವ ಎಲೆಯಡಿಕೆ ಜಗಿಯುತ್ತ ಕಣ್ಣು ಮುಚ್ಚಿಕೊಂಡೇ ತೀರ್ಪು ಕೊಟ್ಟಳು.

“ಕೈಯಾಗ ಇಸ್ಕೊಂಡ್ರ ಭಿಕ್ಷಾ. ಬುಟ್ಟ್ಯಾಗ ಬಿದ್ರ ಜೋಗ.”

ನಂದಾ ಮತ್ತೆ ಅಂಗಳ ದಾಟಿ ಬಂದಳು. ತೇವರಪ್ಪ ಅಷ್ಟರಲ್ಲಿ ಇನ್ನೊಂದು ಉಪಾಯ ಹುಡುಕಿದ್ದ. “ವಿಗ್ರಹದ ಮೇಲೆ ಒಂದು ಬಟ್ಟೆ ಹೊದಿಸಿದರೆ ಹೇಗೆ? ಆಗ ನಾನು ಕೇವಲ ಬುಟ್ಟಿಗೆ ಹಾಕಿದಂತಾಗುವುದು.”

ಮತ್ತೆ ಅಂಗಳ. ಮತ್ತೆ ಮಂಚ.

“ದೇವಿ ಮಾರಿಗೆ ಬಟ್ಟಿ ಮುಚ್ಚತಾನಂತ? ಅವನ ಮಾರಿಗೆ ಮುಚ್ಚು!” ಎಂದಳು ಹನುಮವ್ವ. ಆಮೇಲೆ, “ಆದ್ರೂ ಭೇಷ್ ಅದಾನ ಬಿಡು ಮಗಾ. ತನ್ನ ಮಾತು ಬಿಡವಲ್ಲ” ಎಂದಳು. ಅವಳ ದನಿಯಲ್ಲಿ ಗೌರವವಿತ್ತು.

ನಂದಾ ಅಂಗಳದ ನಡುವೆ ನಿಂತುಬಿಟ್ಟಳು. ಅವಳ ಕಾಲಿಗೆ ಇನ್ನೂ ನಿನ್ನೆಯ ಗಟಾರದ ಕೆಸರು ಮೆತ್ತುತ್ತಿತ್ತು. ಈ ಕಡೆ ಮಂಚ ಬಿಟ್ಟು ಏಳದ ಮುದುಕಿ, ಆ ಕಡೆ ಹೊಸ್ತಿಲು ಬಿಟ್ಟು ಇಳಿಯದ ಗಡ್ಡ. ಒಬ್ಬರೊಡನೊಬ್ಬರು ಒಂದು ಮಾತೂ ಆಡಿಲ್ಲ, ಆದರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ಹಾಗೆ ಇದ್ದಾರೆ. ಇಬ್ಬರಿಗೂ ದೇವರ ಮನಸ್ಸಿನಲ್ಲಿ ಏನಿದೆ ಎಂಬುದು ಗೊತ್ತು. ಗೊತ್ತಿಲ್ಲದವಳು ತಾನೊಬ್ಬಳೇ, ಅದಕ್ಕೇ ಓಡಾಟವೆಲ್ಲ ತನಗೆ.

“ನಮ್ಮ ಹಿರಿಯರನ್ನು ವಿಚಾರಿಸುವೆನು,” ಎಂದ ತೇವರಪ್ಪ ಅತ್ತಲಿಂದ.

ಹಿರಿಯರು ಅವನ ದೇಶದಲ್ಲಿದ್ದರು. ಅಲ್ಲಿ ಬೆಳಗಾಗುವವರೆಗೆ ಕಾದು ಫೋನಿನಲ್ಲಿ ಅವರ ಮುಖ ತರಿಸಿಕೊಂಡು ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದ. ತೆಳು ಗೋಡೆಯ ಆಚೆಯಿಂದ ದ್ರಾಕ್ಷಾಯಿಣಿಗೆ ಕೇಳಿಸಿದ್ದು ‘ಬಾಸ್ಕೆಟ್ ಬಾಸ್ಕೆಟ್’ ಎಂಬುದಷ್ಟೇ. ಒಂದು ಹಿಡಿ ಕಾಳಿಗಾಗಿ ಖಂಡಾಂತರದ ಪಂಚಾಯಿತಿ ಕೂಡಿತ್ತು.

ಶನಿವಾರ ತೀರ್ಪು ಗೊತ್ತಾಯಿತು: ಕಾಳು ಆಗುವುದಿಲ್ಲ, ಬದಲಿಗೆ ತೇವರಪ್ಪ ಚಾಳಿನವರ ಪಾದ ತೊಳೆಯಬೇಕು. ತಗ್ಗಿ ನಡೆಯುವುದನ್ನು ಮಾತಿನಲ್ಲಲ್ಲ, ಮಾಡಿ ತೋರಿಸಬೇಕೆಂದು ಹಿರಿಯರು ಹೇಳಿದರಂತೆ. ಸಂಜೆ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಬಕೆಟ್ಟು ತುಂಬಿ, ಬಿಳಿ ಟವೆಲ್ಲು ಹೆಗಲಿಗೆ ಹಾಕಿಕೊಂಡು ಒಬ್ಬೊಬ್ಬರನ್ನೇ ಕರೆದ. ಹೆಂಗಸರು ಬಾಗಿಲು ಹಾಕಿಕೊಂಡರು. ಪರಗಂಡಸು ಕಾಲು ಹಿಡಿಯುವುದೆಂದರೇನು! ದಾವಲಮಲಿಕ ಲುಂಗಿ ಎತ್ತಿಕೊಂಡು ಓಡಿಯೇ ಹೋದ. ಕೂತವನು ಬಾಲಪ್ಪ ಒಬ್ಬನೇ, ಮದುಮಗನ ಹಾಗೆ ಎದೆ ಉಬ್ಬಿಸಿಕೊಂಡು, ಕಲ್ಲಿದ್ದಲ ಕರಿ ಕೂತ ಪಾದ ಮುಂದೆ ಚಾಚಿ.

“ಏ ನಂದಾ, ನೋಡಿಲ್ಲಿ! ಲಗ್ನದಾಗ ನಿಮ್ಮಪ್ಪ ತೊಳದಿದ್ದ, ಅದನ್ನ ಬಿಟ್ರ ಇವತ್ತ!”

“ಹಂಗಾರ ಮಗಳನೂ ಕೊಡ್ತಾನೇನ ಕೇಳ್ರಿ,” ಎಂದಳು ನಂದಾ ಒಳಗಿಂದ. “ಕೊಟ್ರ ಕಟ್ಟಿಕೊಂಡು ಹೋಗ್ರಿ ಅತ್ತಾಗ.”

ಚಾಳೆಲ್ಲ ನಕ್ಕಿತು. ತೇವರಪ್ಪನೂ ನಕ್ಕ, ಏನೆಂದು ತಿಳಿಯದೆ. ಬಾಲಪ್ಪನ ಹಿಮ್ಮಡಿಯ ಬಿರುಕಿನಿಂದ ಕರಿ ಹೋಗಲಿಲ್ಲ. ಅದು ಸೋಪಿಗೆ ಹೋಗುವಂಥದ್ದಲ್ಲ. ತೇವರಪ್ಪ ಮಾತ್ರ ಹಿಂದಕ್ಕೆ ಕೂತು, ತೊಳೆದ ಪಾದಗಳನ್ನು ಬಹಳ ಹೊತ್ತು ನೋಡಿದ. ಮನೆಗೆ ಸುಣ್ಣ ಹೊಡೆದವನು ಗೋಡೆ ನೋಡುವ ಹಾಗೆ.

ಭಾನುವಾರ ಬೆಳಿಗ್ಗೆ ಜೋಳದ ರೊಟ್ಟಿ ಮುರಿಯುತ್ತಿದ್ದ ರೇಣು ತುತ್ತು ಅಲ್ಲೇ ಬಿಟ್ಟು ಗೋಡೆ ಹಿಡಿದಳು.

“ಯವ್ವಾ… ಸೊಂಟ…”

“ಯಾವಾಗಿಂದ ಬ್ಯಾನಿ?”

“ನಸುಕಿನಾಗಿಂದ ಬಂದು ಹೋಗಾಕತ್ತೈತಿ. ನೀ ಅಂಜತಿ ಅಂತ ಹೇಳ್ಲಿಲ್ಲ.”

ನಂದಾ ಬಾಲಪ್ಪನನ್ನು ರಿಕ್ಷಾ ತರಲು ನಾಕಾದ ಕಡೆ ಓಡಿಸಿದಳು. ಹೇಮಿಬಾಯಿ ಬಂದು ರೇಣುವಿನ ಬೆನ್ನು ನೀವತೊಡಗಿದಳು. ಹನುಮವ್ವ ಮಂಚದ ಮೇಲೆ ಎದ್ದು ಕೂತಳು. ಎರಡು ವರ್ಷದಲ್ಲಿ ಯಾರೂ ಹಿಡಿಯದೆ ಅವಳು ಎದ್ದು ಕೂತದ್ದು ಅದೇ ಮೊದಲು.

“ನಂದಾ, ಜೋಗ ಮುಗಿಯೂ ಮುಂಚೆ ಹುಡಿಗಿನ್ನ ಹೊಸ್ತಲಾ ದಾಟಸಬ್ಯಾಡ.”

ಇನ್ನೊಂದು ಹೊತ್ತಿನಲ್ಲಿ ನಂದಾ ಇದಕ್ಕೆ ಏನಾದರೂ ಅನ್ನುತ್ತಿದ್ದಳು. ಈಗ ಅವಳ ಕಣ್ಣಿಗೆ ಕಂಡದ್ದು ರೇಣುವಿನ ಕಡೆ ಚಾಚಿದ್ದ ಮುದುಕಿಯ ಕೈ. ನಂದಾ ಬುಟ್ಟಿ ಎತ್ತಿಕೊಂಡಳು. ತಲೆಯ ಮೇಲೆ ಇಟ್ಟುಕೊಳ್ಳಲಿಲ್ಲ, ಸಂತೆಗೆ ಹೊರಟವಳ ಹಾಗೆ ಸೊಂಟಕ್ಕೆ ಇಟ್ಟುಕೊಂಡಳು.

ತೇವರಪ್ಪನ ಖೋಲಿಯಲ್ಲಿ ಭಾನುವಾರದ ಆರಾಧನೆ ನಡೆದಿತ್ತು. ಅವನು ಕಣ್ಣು ಮುಚ್ಚಿ ಗಿಟಾರ್ ಬಾರಿಸುತ್ತ, ತಾನೇ ಕಟ್ಟಿದ ಕನ್ನಡ ಹಾಡು ಹಾಡುತ್ತಿದ್ದ: ‘ಓ ಕರುಣೆಯ ಒಡೆಯನೇ, ಎನ್ನ ಹಸ್ತಗಳನು ಉಪಯೋಗಿಸು.’ ಎದುರಿಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಒಡಿಶಾದ ನಾಲ್ಕು ಮಂದಿ ಸೆಂಟ್ರಿಂಗ್ ಕೆಲಸದವರು. ಕನ್ನಡ ಅವರಿಗೆ ಒಂದಕ್ಷರ ಬರುತ್ತಿರಲಿಲ್ಲ. ಹಾಡು ಮುಗಿದ ಮೇಲೆ ಬಿರಿಯಾನಿ ಕೊಡುತ್ತಾರೆಂಬುದು ಗೊತ್ತಿತ್ತು. ಒಬ್ಬೊಬ್ಬರೂ ಮೂಲೆಯ ಪಾತ್ರೆಯನ್ನು ನೋಡುತ್ತ ಭಕ್ತಿಯಿಂದ ತಾಳ ಹಾಕುತ್ತಿದ್ದರು.

“ಉಧೋ!” ಎಂದಳು ನಂದಾ.

ಹಾಡು ನಿಂತಿತು. ಒಡಿಶಾದವರು ಚಪ್ಪಾಳೆ ತಟ್ಟಿದರು, ಮುಗಿಯಿತೆಂದುಕೊಂಡು.

“ಸಹೋದರಿ, ನಾವು ಈಗ ಆರಾಧನೆಯಲ್ಲಿದ್ದೇವೆ. ದಯವಿಟ್ಟು ಅನಂತರ—”

“ಅನಂತರ ಇಲ್ಲ. ನನ್ನ ಮಗಳಿಗೆ ಬ್ಯಾನಿ ಬಂದಾವು.”

ತೇವರಪ್ಪನ ಮುಖ ಬೆಳಗಿತು. ಗಿಟಾರ್ ಕೆಳಗಿಟ್ಟು ಎದ್ದ. “ನಾನು ಬಂದು ಪ್ರಾರ್ಥಿಸಲೇ? ನನ್ನ ಗೆಳೆಯನ ಕಾರನ್ನು ತರಿಸಲೇ? ಆಸ್ಪತ್ರೆಯ ಖರ್ಚನ್ನು ನಮ್ಮ ಸಂಸ್ಥೆ—”

ಮತ್ತೆ ಶುರುವಾಯಿತು, ಎಂದುಕೊಂಡಳು ನಂದಾ. ಮೂಟೆ, ಕಂಬಳಿ, ಗಟಾರ, ಬಕೆಟ್ಟು, ಈಗ ಕಾರು. ಕಾಳೊಂದನ್ನು ಬಿಟ್ಟು ಲೋಕದಲ್ಲಿರುವುದೆಲ್ಲ. ಅವನು ಹೇಳಿ ಮುಗಿಸುವುದರೊಳಗೆ ಅವಳು ಕುರ್ಚಿಗಳ ನಡುವೆ ಹಾದು ಒಳಗೆ ಹೋಗಿ, ಗ್ಯಾಸಿನ ಪಕ್ಕದ ಹಲಗೆಯ ಮೇಲಿದ್ದ ಡಬ್ಬಿಯೊಂದರ ಮುಚ್ಚಳ ತೆಗೆದಳು. ಅದರಲ್ಲಿ ಕಾಫಿಪುಡಿ. ಇನ್ನೊಂದರ ತುಂಬ ಏನೋ ಚಪ್ಪಟೆ, ಬೂದು ಬಣ್ಣದ್ದು, ಅವಲಕ್ಕಿಯನ್ನು ಯಾರೋ ತುಳಿದ ಹಾಗೆ.

“ಇದೇನ್ರಿ?”

“ಓಟ್ಸ್. ನನ್ನ ಬೆಳಗಿನ ಉಪಾಹಾರ.”

“ಕಾಳಿಂದೋ, ಗಡ್ಡಿದೋ?”

“ಅದು… ಅದೊಂದು ಧಾನ್ಯ.”

ಅಷ್ಟು ಸಾಕಾಗಿತ್ತು. ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದ ನಂದಾ ಬುಟ್ಟಿಯನ್ನು ಖಾಲಿ ಕುರ್ಚಿಯ ಮೇಲಿಟ್ಟು, ತೇವರಪ್ಪನ ಬಲ ಮಣಿಕಟ್ಟು ಹಿಡಿದಳು. ಚಪಾತಿಗೆ ರಾಶಿ ರಾಶಿ ಹಿಟ್ಟು ನಾದಿದ ಕೈಯದು, ಹಿಡಿದರೆ ಹಿಡಿತವೇ. ಆದರೂ ಅವನು ಕೊಸರುತ್ತಾನೆ, ಎಳೆಯುತ್ತಾನೆ ಎಂದು ಕಾಲು ಗಟ್ಟಿಯಾಗಿ ಊರಿಕೊಂಡಿದ್ದಳು. ಅವನು ಕೊಸರಲಿಲ್ಲ. ಕೈಯೆಲ್ಲ ಮೆತ್ತಗಾಗಿ ಬಿಟ್ಟುಕೊಟ್ಟ. ವಾರವೆಲ್ಲ ಕಲ್ಲಾಗಿ ಕೂತವನು, ಮುಟ್ಟಿದರೆ ಕಣಕದ ಉಂಡೆ! ಅದು ಅವಳಿಗೆ ಉಳಿದೆಲ್ಲಕ್ಕಿಂತ ಹೇಸಿಗೆಯಾಯಿತು. ಇಷ್ಟಕ್ಕೇ ಆಗುವುದಾಗಿದ್ದರೆ ಮಂಗಳವಾರವೇ ಮುಗಿಸಬಹುದಿತ್ತಲ್ಲ.

ಅವನ ಬೆರಳುಗಳನ್ನು ಡಬ್ಬಿಯೊಳಗೆ ಅದ್ದಿ, ಮೇಲಿಂದ ತನ್ನ ಬೆರಳು ಸುತ್ತಿ ಮುಷ್ಟಿ ಕಟ್ಟಿಸಿದಳು. ಎತ್ತಿದಳು. ಬುಟ್ಟಿಯ ಮೇಲೆ ತಂದು ಬಿಚ್ಚಿಸಿ, ಎರಡು ಸಲ ಕೊಡವಿದಳು. ಓಟ್ಸು ಎಲ್ಲಮ್ಮನ ಮೂಗಿನ ಮೇಲೂ ಬಿತ್ತು.

“ಇದು ನನ್ನ ಇಚ್ಛೆಯಲ್ಲ,” ಎಂದ ತೇವರಪ್ಪ. ಅವಳಿಗಲ್ಲ, ಛಾವಣಿಗೆ. ಆಮೇಲೆ ಒಡಿಶಾದವರ ಕಡೆ ತಿರುಗಿ, “ದಯವಿಟ್ಟು ಗಮನಿಸಿರಿ, ಇದು ನನ್ನ ಇಚ್ಛೆಯಲ್ಲ.”

ಅವರಲ್ಲೊಬ್ಬ ಬಿರಿಯಾನಿಯ ತಟ್ಟೆ ಎತ್ತಿಕೊಂಡು ಎದ್ದು ನಿಂತ.

“ನಿಮ್ಮ ಇಚ್ಛಾ ಯಾರ ಕೇಳ್ಯಾರ್ರೀ,” ಎಂದಳು ನಂದಾ. ಡಬ್ಬಿಯನ್ನು ಅವನ ಕೈಗೆ ಕೊಟ್ಟು, ಬುಟ್ಟಿ ತಲೆಗೇರಿಸಿ ಹೊರಬಿದ್ದಳು.

ಮನೆಯಲ್ಲಿ ಹನುಮವ್ವ ಬುಟ್ಟಿಗೆ ಕೈ ಹಾಕಿ ಆ ಬೂದು ಚೂರುಗಳನ್ನು ಬೆರಳ ತುದಿಯಲ್ಲಿ ಉಜ್ಜಿ ನೋಡಿದಳು.

“ಇದೇನ? ಹೊಟ್ಟು?”

“ಧಾನ್ಯ ರೀ ಅತ್ತಿ. ಅವರ ದೇಶದ ಜೋಳ.”

“ಅಂವ ತನ್ನ ಕೈಲೆ ಹಾಕಿದನ?”

“ಅವನ ಕೈಲೇನ ಹಾಕಿದ.”

“ತಾನಾಗೆ?”

ಒಳಗೆ ರೇಣು ಹಲ್ಲು ಕಚ್ಚಿ ನರಳಿದಳು. ಹೊರಗೆ ದೂರದಲ್ಲಿ ರಿಕ್ಷಾದ ಸದ್ದು. ನಂದಾ ಅತ್ತೆಯ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

“ಊರಾಗ ಜೋಗವ್ವ ಬಾಗಲಕ್ಕ ಬಂದ್ರ ತಾಯಂದಿರು ಏನ್ ಮಾಡ್ತಾರ್ರೀ ಅತ್ತಿ? ಕೂಸಿನ ಮುಂಗೈ ಹಿಡದು ಹಿಡಿ ತುಂಬಿ ಹಾಕಸ್ತಾರ. ಅದನ್ನ ದೇವಿ ಒಲ್ಲೆ ಅಂತಾಳೇನು? ಕೂಸು ತಾನಾಗೆ ಎಲ್ಲಿ ಕೊಡತೈತಿ, ಅದಕ್ಕೇನು ತಿಳೀತೈತಿ?”

ಹನುಮವ್ವ ಬಾಯಲ್ಲಿದ್ದ ಎಲೆಯನ್ನು ಈ ದವಡೆಯಿಂದ ಆ ದವಡೆಗೆ ಹಾಕಿದಳು. ಅಂಗಳದಾಚೆಯ ಹಸಿರು ಪರದೆಯ ಕಡೆ ಒಮ್ಮೆ ನೋಡಿದಳು. ಶುಕ್ರವಾರದ ಗೌರವ ಅವಳ ಮುಖದಿಂದ ನಿಧಾನವಾಗಿ ಇಳಿಯಿತು.

“ಕೂಸಿಂದು ನಡೀತೈತಿ,” ಎಂದಳು. “ಒಲಿ ಹಚ್ಚು.”

ಬಾಲಪ್ಪ ರಿಕ್ಷಾ ತಂದು ಹಾರ್ನ್ ಹೊಡೆಸುತ್ತ ನಿಂತ. ನಂದಾ ಸ್ಟೋ ದೊಡ್ಡದು ಮಾಡಿ, ಐದು ಹಿಡಿಯನ್ನೂ ಒಂದೇ ಪಾತ್ರೆಗೆ ಸುರಿದು ತಿರುವಿದಳು. ಜೋಳದ ನುಚ್ಚು ಇನ್ನೂ ಬಿರುಸಾಗಿತ್ತು, ಕೆಂಪಕ್ಕಿ ಅರ್ಧ ಬೆಂದಿತ್ತು, ಓಟ್ಸು ಮಾತ್ರ ಬಿಸಿನೀರು ಕಂಡದ್ದೇ ತಡ ಕರಗಿ ಎಲ್ಲದರ ಮೈಗೂ ಅಂಟಿಕೊಂಡಿತು. ಬೇಯುವ ತನಕ ಕಾಯಲು ಹೊತ್ತಿರಲಿಲ್ಲ. ಒಂದು ಚಮಚ ಊದಿ ಆರಿಸಿ ಮಗಳ ಬಾಯಿಗೆ ಹಿಡಿದಳು. ಎರಡು ಬೇನೆಗಳ ನಡುವಿನ ಬಿಡುವಿನಲ್ಲಿ ರೇಣು ಬಾಯಿ ತೆರೆದಳು. ಮುಖ ಕಿವುಚಿದಳು.

“ಶೀ, ಲೋಳಿ ಲೋಳಿ ಆಗೇತಿ ಯವ್ವಾ.”

“ಲೋಳಿ ಅವನ ಪಾಲಿಂದು. ಅಗೀಬ್ಯಾಡ, ನುಂಗು,” ಎಂದಳು ನಂದಾ, ಒಂದು ಕೈ ಮಗಳ ಸೊಂಟಕ್ಕೆ ಕೊಟ್ಟು, ಹೊಸ್ತಿಲ ಕಡೆ ನಡೆಸುತ್ತ.